ಹೆಣ್ಣುಮಕ್ಕಳಿಗೆ ಗಣಿತವೇಕೆ?

"ಮನೆಯ ಲೆಕ್ಕ ಬರೆಯಲು ಬಂದರೆ ಸಾಲದೇ? ಮಿಕ್ಕುದನ್ನು ಯಂತ್ರವೇ ಮಾಡುವುದಷ್ಟೆ. ಮುಂದಿನ ವ್ಯಾಸಂಗದಲ್ಲಿ ಹುಡುಗಿಗೆ ಗಣಿತವು ಬೇಡ" ಎಂದು ಕೆಲವು ಮಂದಿ ಪೋಷಕರು ಪ್ರತಿವರ್ಷವೂ ನಮ್ಮೊಡನೆ ಹೇಳುವುದುಂಟು. ಅವರಿಗೆ ನಾವು ಕೊಡುವ ಉತ್ತರವು ಒಂದು ಸಂಖ್ಯೆಯಲ್ಲಿ ಅಡಗಿದೆ: ೪,೨೯,೪೯,೬೭,೨೯೭.

ಈ ಸಂಖ್ಯೆಯು ಹುಟ್ಟುವ ಬಗೆ ಸುಲಭವಾದುದು. ೨ನ್ನು ಅದರಿಂದಲೇ ಗುಣಿಸಿದರೆ ೪. ೪ನ್ನು ಅದರಿಂದಲೇ ಗುಣಿಸಿದರೆ ೧೬. ಹೀಗೆಯೇ ೨೫೬, ೬೫,೫೩೬, ೪,೨೯,೪೯,೬೭,೨೯೬. ೨ ಮೊದಲುಗೊಂಡು ಈ ಆರಕ್ಕೂ ಒಂದೊಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫,೫೩೭ ಎಂಬ ಐದೂ, ಆರನೆಯದಾಗಿ ನಮ್ಮ ಸಂಖ್ಯೆಯೂ ದೊರೆಯುವುವು. ಮೊದಲಿನ ಐದೂ ಅವಿಭಾಜ್ಯಗಳು; ಎಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ.

ಫ್ರಾನ್ಸ್ ದೇಶದ ಪಿಯರ್ ದ ಫೆರ್ಮಾ ಎಂಬ ಮಹಾಗಣಿತಜ್ಞನು, ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಎಂಬ ತನ್ನ ನಂಬಿಕೆಯನ್ನು ೧೬೪೦ರಲ್ಲಿ ಪತ್ರಮುಖೇನ ತಿಳಿಸಿದನು. ಅದಕ್ಕೆ ತನ್ನಲ್ಲಿ ಪೂರ್ಣವಾದ ಸಾಧನೆಯಿಲ್ಲವೆಂಬುದನ್ನೂ ಆತನು ಮರೆಮಾಚಲಿಲ್ಲ.

ಈ ಮಾತನ್ನು ಪರೀಕ್ಷಿಸಿದವನು ಲೆಯೊನಾರ್ಡ್ ಆಯ್ಲರ್. ನಮ್ಮ ನಾಡಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣದಲ್ಲಿ ೧೭೦೭ರಲ್ಲಿ ಜನಿಸಿದ ಈತನು ಸಭಾಪಾಲಕನೊಬ್ಬನ ಮಗನು. ಆರನೆಯ ಸಂಖ್ಯೆಯು ೬೪೧ರಿಂದ ಶೇಷವಿಲ್ಲದೆ ಭಾಗವಾಗುವುದೆಂದು ೧೭೩೨ರಲ್ಲಿ ಆತನು ತೋರಿಸಿದನು. ಭಾಗಲಬ್ಧವು ೬೭,೦೦,೪೧೭. ಈ ಸಂಖ್ಯೆಯ ಭಾಜಕವು ಯಾವುದೇ ಆಗಲಿ, ಅದನ್ನು ೬೪ರಿಂದ ಭಾಗಿಸಿದರೆ ೧ ಉಳಿಯಲೇಬೇಕೆಂಬುದನ್ನೂ ಆತನೇ ಮುಂದೆ ಸಾಧಿಸಿದನು. ಅಂಥ ಅವಿಭಾಜ್ಯಗಳು ಕ್ರಮವಾಗಿ ೧೯೩, ೨೫೭, ೪೪೯, ೫೭೭, ೬೪೧. ಐದೇ ಭಾಗಾಕಾರಗಳು! ಹೈಸ್ಕೂಲಿನ ಬಾಲಿಕೆಯೂ ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದು.

ಐದು ಸಲ ನಿಜವಾದುದು ಆರನೆಯ ಸಲವೂ ನಿಜವಾಗಬೇಕೆಂಬ ನಿಯಮವಿಲ್ಲ. ದೊಡ್ಡವರು ಹೇಳಿದರೆಂಬ ಮಾತ್ರಕ್ಕೆ ಊಹೆಯು ಸತ್ಯವಾಗುವುದಿಲ್ಲ. ಗಣಿತವು ಹೆಣ್ಣುಮಗುವಿಗೆ ಕಲಿಸತಕ್ಕುದು ಇದನ್ನೇ. ನಾಳೆ ಅವಳ ಮುಂದೆ ಸಾಲದ ಪತ್ರವನ್ನಿಟ್ಟು ರುಜು ಕೇಳುವವರಿರುವರು. ಹೆಣ್ಣಿಗೆ ಇಷ್ಟೇ ಸಾಕೆಂದು ಹೇಳುವವರೂ ಇರುವರು. ಯಂತ್ರವು ಉತ್ತರವನ್ನು ಕೊಟ್ಟೀತು. ಇದು ನಿಜವೇ ಎಂದು ಕೇಳುವ ಅಭ್ಯಾಸವನ್ನು ಕೊಡಲಾರದು.

ಹೀಗೆ ಕಲಿತ ಮಗಳು ಹಿರಿಯರನ್ನು ಗೌರವಿಸಲಾರಳೆಂಬ ಭಯವು ಕೆಲವರಿಗಿದೆ. ಈ ಸಂಖ್ಯೆಗಳಿಗೆ ಇಂದಿಗೂ ಫೆರ್ಮಾನ ಹೆಸರೇ ಉಂಟೆಂಬುದನ್ನು ಅವರು ನೆನೆಯಲಿ. ಪರೀಕ್ಷಿಸದೆ ಯಾವುದನ್ನೂ ಅಂಗೀಕರಿಸಬಾರದೆಂದು ಅಪೊಸ್ತಲನಾದ ಪೌಲನೂ ಸಭೆಗೆ ಬುದ್ಧಿ ಹೇಳಿದನಷ್ಟೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಇಂದು ಸಂಜೆ ನಿಮ್ಮ ಮಗಳ ಕೈಗೆ ಕಾಗದವನ್ನು ಕೊಟ್ಟು ೬೭,೦೦,೪೧೭ನ್ನು ೬೪೧ರಿಂದ ಗುಣಿಸಹೇಳಿರಿ. ಲೆಕ್ಕವು ತಪ್ಪಿದರೆ ನೀವು ತಿದ್ದಬೇಡಿರಿ. ತಪ್ಪೆಲ್ಲಿಯೆಂಬುದನ್ನು ಅವಳೇ ಹುಡುಕಲಿ.