ಕಟೌಟಿಗೆ ಹಾಲು ಸಾಕು, 'ಬೇಡರ ಕಣ್ಣಪ್ಪ' ನೋಡಿ!

ಯುವ ಕನ್ನಡಿಗರೇ,

2025ರಲ್ಲಿ ತೆಲುಗಿನವರ 'ಕಣ್ಣಪ್ಪ' ಚಿತ್ರ ಹಲವು ಭಾಷೆಗಳಲ್ಲಿ ಬಂತು. ನಿಮ್ಮಲ್ಲಿ ಎಷ್ಟೋ ಮಂದಿ ನೋಡಿರಬಹುದು. ನೋಡಿದ್ದು ತಪ್ಪಲ್ಲ. ಆದರೆ ಎದೆ ಮುಟ್ಟಿಕೊಂಡು ಒಂದು ಮಾತು ಹೇಳಿ: ಅದಕ್ಕೂ 71 ವರ್ಷ ಮೊದಲೇ, 1954ರಲ್ಲಿ, ಇದೇ ಕಣ್ಣಪ್ಪ ಕನ್ನಡದ ತೆರೆಯ ಮೇಲೆ ನಿಂತು ಕನ್ನಡದಲ್ಲಿ ಶಿವನನ್ನು ಕರೆದದ್ದನ್ನು ನೋಡಿದ್ದೀರಾ? ಅಣ್ಣಾವ್ರ ಚಿತ್ರವಿರುವ ಟೀ ಶರ್ಟು ತೊಡುತ್ತೀರಿ. ಏಪ್ರಿಲ್ 24 ಬಂತೆಂದರೆ ಕಟೌಟಿಗೆ ಹಾಲೆರೆಯುತ್ತೀರಿ, ಅನ್ನ ಸಂತರ್ಪಣೆ ಮಾಡುತ್ತೀರಿ. ಸಂತೋಷ. ಆದರೆ ಅವರನ್ನು ಅಣ್ಣಾವ್ರನ್ನಾಗಿ ಮಾಡಿದ ಚಿತ್ರವನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿದವರು ಎಷ್ಟು ಮಂದಿ, ಕೈ ಎತ್ತಿ!

ಸಿಂಧನೂರು, ಲಿಂಗಸುಗೂರು, ಮಸ್ಕಿಯ ತರುಣ ತರುಣಿಯರಿಗೆ ಈ ಪ್ರಶ್ನೆಯನ್ನು ಒತ್ತಿ ಕೇಳುತ್ತಿದ್ದೇವೆ. ಕಾರಣವಿದೆ. ಈ ಚಿತ್ರ ತೆರೆ ಕಂಡಾಗ ನಿಮ್ಮ ಮೂರೂ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿದಿತ್ತು ನಿಜ. ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಎಂದು ಬಾಳಿದ ತಲೆಮಾರು ಇನ್ನೂ ಬದುಕಿತ್ತು. 1956ರ ನವೆಂಬರ್ 1ರವರೆಗೆ ರಾಯಚೂರು ಸೀಮೆಗೆ ಕನ್ನಡದ ರಾಜ್ಯವೇ ಇರಲಿಲ್ಲ. ಕನ್ನಡಿಗರ ನಾಡು ಹರಿದು ಹಂಚಿಹೋಗಿದ್ದ ಅಂಥ ಹೊತ್ತಿನಲ್ಲಿ ಗುಬ್ಬಿ ವೀರಣ್ಣನವರ ಬಳಗ ಈ ಚಿತ್ರಕ್ಕೆ ಕೈ ಹಾಕಿತು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದರು. ಜಿ.ವಿ. ಅಯ್ಯರ್ ಬರೆದರು, ಪೂಜಾರಿಯ ಪಾತ್ರವನ್ನೂ ಮಾಡಿದರು. ಪಂಡರಿಬಾಯಿ ನಾಯಕಿ. ನರಸಿಂಹರಾಜು ನಗಿಸಿದರು. ಬೇಡ ದಿಣ್ಣನಾಗಿ ನಿಂತವನು ಗಾಜನೂರಿನ ಮುತ್ತುರಾಜ, ವಯಸ್ಸು 25.

ಮಸ್ಕಿಯವರಿಗೆ ಇಲ್ಲೊಂದು ಮಾತು. 1915ರಲ್ಲಿ ನಿಮ್ಮೂರ ಬಂಡೆಯ ಮೇಲಿನ ಶಾಸನ ಬೆಳಕಿಗೆ ಬಂತು. ಅಲ್ಲಿಯವರೆಗೆ 'ದೇವಾನಾಂಪ್ರಿಯ' ಎಂದಷ್ಟೇ ಶಾಸನಗಳಲ್ಲಿ ಕಾಣುತ್ತಿದ್ದ ದೊರೆಯ ಹೆಸರು ಅಶೋಕ ಎಂದು ಆ ಬಂಡೆ ಸಾರಿತು. ಹಾಗೆಯೇ 'ಬೇಡರ ಕಣ್ಣಪ್ಪ' ಮುತ್ತುರಾಜನಿಗೆ ರಾಜಕುಮಾರ್ ಎಂಬ ಹೆಸರು ಕೊಟ್ಟಿತು. ಬಂಡೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಚಿತ್ರವನ್ನು ನೋಡಲು ನಮಗೆ ಪುರುಸೊತ್ತಿಲ್ಲ!

"ಹಳೇ ಪುರಾಣ, ಅದೂ ಕಪ್ಪು ಬಿಳುಪು, ನಮಗೇಕೆ?" ಎನ್ನುತ್ತೀರಾ? ಹಾಗಾದರೆ ದಿಣ್ಣನನ್ನು ಒಮ್ಮೆ ಸರಿಯಾಗಿ ನೋಡಿ. ಅವನು ಹುಟ್ಟು ಭಕ್ತನಲ್ಲ. ಹೊಟ್ಟೆಗಾಗಿ ಬೇಟೆಯಾಡುವ ಕಾಡಿನ ಮನುಷ್ಯ. ಅವನ ಆ ಪ್ರಸಿದ್ಧ ಹಾಡು ಮೋಕ್ಷ ಬೇಡುವ ಹಾಡಲ್ಲ, ಹಸಿವು ತಾಳಲಾಗದವನ ಮೊರೆ. ಪೂಜೆ ಗೊತ್ತಿಲ್ಲ, ಮಂತ್ರ ಗೊತ್ತಿಲ್ಲ, ಪಾಪ ಪುಣ್ಯದ ಲೆಕ್ಕ ಗೊತ್ತಿಲ್ಲ. ಗೊತ್ತಿರುವುದು ತನ್ನ ಮಾತು ಒಂದೇ. ಆ ಮಾತಿನಲ್ಲೇ ದೇವರ ಜೊತೆ, ಮನೆಯ ಹಿರಿಯನ ಜೊತೆ ಮಾತಾಡಿದಂತೆ ಮಾತಾಡುತ್ತಾನೆ. ಗುಡಿಯೊಳಗಿನ ಪೂಜಾರಿಗೆ ಮಂತ್ರವೆಲ್ಲ ಬಾಯಿಪಾಠ, ಮನಸ್ಸು ಮಾತ್ರ ಕೊಳಕು. ಕಳ್ಳತನದ ಆರೋಪ ಬರುವುದು ಬೇಡನ ಮೇಲೆ. ಏಟು ಬೀಳುವುದೂ ಬೇಡನ ಬೆನ್ನಿಗೆ. ಕೊನೆಗೆ ಶಿವ ಒಲಿಯುವುದು ಯಾರಿಗೆ? ಹರಿಹರ ಕವಿ ರಗಳೆಯಲ್ಲಿ ಹಾಡಿದ್ದೂ ಈ ಬೇಡನನ್ನೇ. ದೇವರ ಮುಂದೆ ನಿಲ್ಲಲು ಪರಭಾಷೆಯ ಪಾಂಡಿತ್ಯ ಬೇಕಿಲ್ಲ, ತಾಯ್ನುಡಿ ಸಾಕು ಎಂದು ಹೇಳುವ ಚಿತ್ರಕ್ಕಿಂತ ದೊಡ್ಡ ಭಾಷಾ ಚಳವಳಿ ಯಾವುದಿದೆ?

ಇನ್ನು ಅಭಿನಯ. ರಂಗಭೂಮಿಯಿಂದ ಬಂದ ನಟ. ಅಲ್ಲಲ್ಲಿ ನಾಟಕದ ಗತ್ತು ಜಾಸ್ತಿಯಾಯಿತು ಎಂದು ನಿಮಗೆ ಅನ್ನಿಸೀತು. ಒಪ್ಪುತ್ತೇವೆ. ಆದರೆ ಲಿಂಗದ ಕಣ್ಣಲ್ಲಿ ನೆತ್ತರು ಒಸರುವ ಗಳಿಗೆ ಬರಲಿ, ಆಗ ಹೇಳಿ! ಬಾಣದ ಮೊನೆಯಿಂದ ತನ್ನ ಕಣ್ಣನ್ನೇ ಕೀಳುವವನ ಮುಖದಲ್ಲಿ ವೀರಾವೇಶ ಇಲ್ಲ. ಮಗುವಿಗೆ ಗಾಯವಾದಾಗ ತಾಯಿಗೆ ಆಗುವ ಗಾಬರಿ ಇದೆ. ನೋವು ತನ್ನದಲ್ಲ, ಶಿವನದು ಎಂದು ಅವನು ನಂಬಿದ್ದಾನೆ. ಅವನು ನಂಬಿದ್ದರಿಂದ ನಾವೂ ನಂಬುತ್ತೇವೆ. ಬಣ್ಣವಿಲ್ಲ, ಗ್ರಾಫಿಕ್ಸ್ ಇಲ್ಲ. ಇರುವುದು ಒಂದು ಮುಖ, ಒಂದು ದನಿ. ಎರಡನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಈ ಚಿತ್ರಕ್ಕೆ ಅರ್ಹತಾ ಪತ್ರ ಸಿಕ್ಕಿತು.

ರಾಯಚೂರು ಸೀಮೆಯ ಗೆಳೆಯರೇ, ಬೇಡರ ಕಥೆ ನಿಮಗೆ ಹೊರಗಿನದೇ? ಸುರಪುರದ ಸಂಸ್ಥಾನ ಆಳಿದವರು ಬೇಡ ನಾಯಕರು. ಬ್ರಿಟಿಷರ ವಿರುದ್ಧ ಎದ್ದು ನಿಂತ ರಾಜಾ ವೆಂಕಟಪ್ಪ ನಾಯಕ ಆ ಮನೆತನದವನು. ನಿಮ್ಮ ಓಣಿಗಳಲ್ಲಿ, ನಿಮ್ಮ ತರಗತಿಗಳಲ್ಲಿ ಆ ಜನ ಇದ್ದಾರೆ. ಹೀಗಿದ್ದೂ ನಿಮ್ಮ ಕನ್ನಡ ಸಿನಿಮಾಕ್ಕೆ ನೆನಪಾಗುವುದು ನಗಿಸುವ ಪಾತ್ರಕ್ಕೆ ಮಾತ್ರ! ಬೆಂಗಳೂರಿನ ಹುಡುಗರೇ, ನಿಮಗೂ ಹೇಳುತ್ತೇವೆ. ರಾಯಚೂರಿನಿಂದ ಬಂದವನ ಮಾತು ಕೇಳಿ ಕಿಸಕ್ಕೆಂದು ನಗಬೇಡಿ. ಯಾರ ಉಚ್ಚಾರಣೆಯನ್ನು ಇಂದು ಕನ್ನಡದ ಅಳತೆಗೋಲು ಎನ್ನುತ್ತೀರೋ ಆ ರಾಜಕುಮಾರ್ ಶಾಲೆ ಹೆಚ್ಚು ಓದಿದವರಲ್ಲ. ಗಡಿಯಂಚಿನ ಹಳ್ಳಿಯ ಹುಡುಗ ನಾಟಕ ಕಂಪನಿಯಲ್ಲಿ ನಾಲಿಗೆ ತಿದ್ದಿಕೊಂಡು ಬೆಳೆದರು. ಹಳ್ಳಿಯ ನಾಲಿಗೆಯನ್ನು ಹಂಗಿಸುವವರು ಅಣ್ಣಾವ್ರ ಅಭಿಮಾನಿಗಳು ಹೇಗಾದಾರು?

ಸಿಂಧನೂರಿನ ಮಾತಿಗೆ ಬರೋಣ. ತುಂಗಭದ್ರೆಯ ಎಡದಂಡೆ ಕಾಲುವೆ ಬಂತು, ಭತ್ತ ಬಂತು, ಕ್ಯಾಂಪುಗಳಲ್ಲಿ ತೆಲುಗು ಮಾತಾಡುವ ರೈತರು ನೆಲೆಸಿದರು. ದುಡಿದು ಬಾಳುವ ಅವರ ಮೇಲೆ ನಮಗೆ ಹಗೆಯಿಲ್ಲ. ಟಾಕೀಸುಗಳಲ್ಲಿ ತೆಲುಗು ಚಿತ್ರಗಳ ಅಬ್ಬರ ನಡೆದರೆ ಅದರ ತಪ್ಪು ಅವರದಲ್ಲ, ನಮ್ಮ ಚಿತ್ರಗಳನ್ನು ನಾವೇ ಮರೆತದ್ದರದು. ಕೇಳಿ: 'ಬೇಡರ ಕಣ್ಣಪ್ಪ'ದ ಯಶಸ್ಸು ಕಂಡು ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ತಯಾರಾಯಿತು. ಅಲ್ಲಿಯೂ ಕಣ್ಣಪ್ಪ ನಮ್ಮ ರಾಜಕುಮಾರರೇ. ಅವರು ನಟಿಸಿದ ಒಂದೇ ಒಂದು ತೆಲುಗು ಚಿತ್ರವದು. ಆಮೇಲೆ ಕನ್ನಡ ಬಿಟ್ಟು ಕದಲಲಿಲ್ಲ. ಕ್ಯಾಂಪಿನ ಗೆಳೆಯನನ್ನೂ ಕರೆತನ್ನಿ, ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದ ಕಣ್ಣಪ್ಪನನ್ನು ತೋರಿಸಿ. ಬೈದು ಕಲಿಸಿದ ಕನ್ನಡಕ್ಕಿಂತ ಹೀಗೆ ಕಲಿಸಿದ ಕನ್ನಡ ಗಟ್ಟಿ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲು ತೆಗೆದಿಡಿ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಲ್ಲಿ ನವೆಂಬರ್ ತಿಂಗಳು ಮುಗಿಯುವುದರೊಳಗೆ ಈ ಚಿತ್ರದ ಒಂದೊಂದು ಆಟ ಆಗಲಿ. ಟಾಕೀಸು ಸಿಗದಿದ್ದರೆ ಕಾಲೇಜಿನ ಬಯಲಿನಲ್ಲಿ ಪರದೆ ಕಟ್ಟಿ. ಸರ್ಕಾರವೂ ಕಪ್ಪು ಬಿಳುಪಿನ ಕನ್ನಡ ಚಿತ್ರಗಳ ಒಳ್ಳೆಯ ಪ್ರತಿಗಳನ್ನು ತಾಲ್ಲೂಕು ಕೇಂದ್ರಗಳಿಗೆ ಮುಟ್ಟಿಸಲಿ. ಮೊಬೈಲಿನ ಅಂಗೈಯಗಲದ ಗಾಜಿನಲ್ಲಿ ಎರಡು ನಿಮಿಷದ ತುಣುಕು ನೋಡಿ "ನೋಡಿದೆ" ಎನ್ನಬೇಡಿ.

ಕೊನೆಯ ಮಾತು. 1982ರಲ್ಲಿ ಗೋಕಾಕ್ ಚಳವಳಿಗೆ ಧುಮುಕಿ ನಾಡೆಲ್ಲ ಸುತ್ತಿದ ಆ ಮನುಷ್ಯ 2006ರ ಏಪ್ರಿಲ್ 12ರಂದು ಕಣ್ಮುಚ್ಚಿದರು. ಆ ಕಣ್ಣುಗಳನ್ನು ದಾನ ಮಾಡಲಾಯಿತು. ನಾಯಕನಾದ ಮೊದಲ ಚಿತ್ರದಲ್ಲಿ ಅಭಿನಯಿಸಿದ್ದನ್ನು ಕೊನೆಗೆ ನಿಜ ಮಾಡಿ ಹೋದರು. 2021ರಲ್ಲಿ ಮಗ ಪುನೀತ್ ಕಣ್ಣುಗಳೂ ಅದೇ ದಾರಿ ಹಿಡಿದವು. ಅಷ್ಟು ಕೊಟ್ಟವರಿಗಾಗಿ ಒಂದು ಸಂಜೆ ಕೂತು ಅವರ ಚಿತ್ರ ನೋಡುವಷ್ಟು ಕಣ್ಣು ನಮಗಿಲ್ಲವೇ?

ಸಿರಿಗನ್ನಡಂ ಗೆಲ್ಗೆ!