ಪಟ್ಟಿ ಬಿಚ್ಚಿದರೆ ಚಿಕಿತ್ಸೆ ಮುಗಿಯಿತಾ?

ಕಳೆದ ಮಳೆಗಾಲದಲ್ಲಿ ನಮ್ಮ ತಂಡದ ಒಬ್ಬರ ಚಿಕ್ಕಮ್ಮ ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆಗೆ ಹೋದವರು ಗಂಜಲದ ಮೇಲೆ ಕಾಲಿಟ್ಟು ಜಾರಿದರು. ಬೀಳುವಾಗ ಎಲ್ಲರೂ ಮಾಡುವ ಹಾಗೆ ಬಲಗೈ ಊರಿದರು. ಮಣಿಕಟ್ಟು ಮುರಿಯಿತು. ತಾಲ್ಲೂಕು ಕೇಂದ್ರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಎಳೆದು ಕೂರಿಸಿ, ಸಿಮೆಂಟ್ ಪಟ್ಟಿ ಹಾಕಿ ಕಳಿಸಿದರು. ಆರು ವಾರ ಆದ ಮೇಲೆ ಪಟ್ಟಿ ಕತ್ತರಿಸಿದ ದಿನ ಡಾಕ್ಟರು ಹೇಳಿದ್ದು ಎರಡೇ ಮಾತು. "ಮೂಳೆ ಕೂಡಿದೆ. ಇನ್ನು ನಿಧಾನಕ್ಕೆ ಕೈ ಆಡಿಸಿ."

ಎಷ್ಟು ನಿಧಾನ? ಹೇಗೆ ಆಡಿಸೋದು? ನೋವಾದರೆ ನಿಲ್ಲಿಸಬೇಕಾ, ಮುಂದುವರಿಸಬೇಕಾ? ಹೊರಗೆ ದೊಡ್ಡ ಸಾಲು ನಿಂತಿತ್ತು. ಚಿಕ್ಕಮ್ಮ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪಟ್ಟಿ ಬಿಚ್ಚಿದ ಕೈಯನ್ನು ನೋಡಿದವರಿಗೆ ಗೊತ್ತು, ಅದು ನಮ್ಮದೇ ಕೈ ಅನ್ನಿಸುವುದಿಲ್ಲ. ಚರ್ಮ ಒಣಗಿ ಸಿಪ್ಪೆ ಏಳುತ್ತಿರುತ್ತದೆ, ಮುಂಗೈ ಸಣ್ಣಗಾಗಿರುತ್ತದೆ, ಬೆರಳು ಊದಿರುತ್ತವೆ, ಮಣಿಕಟ್ಟು ಮರದ ತುಂಡಿನ ಹಾಗೆ ಬಿಗಿದಿರುತ್ತದೆ. ಆರು ವಾರ ಅಲ್ಲಾಡದೆ ಇದ್ದ ಕೀಲಿನ ಸುತ್ತಲಿನ ಪೊರೆ ಬಿಗಿದುಕೊಂಡಿರುತ್ತದೆ, ಕೆಲಸವಿಲ್ಲದ ಮಾಂಸಖಂಡ ಕರಗಿರುತ್ತದೆ. ಮೂಳೆ ಕೂಡುವುದೇ ಒಂದು ಕೆಲಸ, ಕೈ ಮೊದಲಿನಂತಾಗುವುದೇ ಇನ್ನೊಂದು. ಮೊದಲನೆಯದನ್ನು ದೇಹ ತಾನಾಗಿ ಮಾಡಿಕೊಳ್ಳುತ್ತದೆ. ಎರಡನೆಯದನ್ನು ನಾವು ಮಾಡಿಸಬೇಕು. ನಮ್ಮ ಊರುಗಳಲ್ಲೂ, ಆಸ್ಪತ್ರೆಗಳಲ್ಲೂ ಈ ಎರಡನ್ನೂ ಒಂದೇ ಅಂದುಕೊಂಡಿದ್ದೇವೆ ಎಂಬುದೇ ನಮ್ಮ ತಕರಾರು.

ಚಿಕ್ಕಮ್ಮನ ಮನೆಯಲ್ಲಿ ಆಗಿದ್ದೂ ಅದೇ. "ಮುರಿದ ಕೈ ಕಣಕ್ಕ, ಜೋಪಾನ" ಅಂತ ನೋಡಲು ಬಂದವರೆಲ್ಲ ಹೇಳಿದರು. ಮುದ್ದೆ ತೊಳಸುವುದು ಸೊಸೆಯ ಪಾಲಿಗೆ ಹೋಯಿತು, ಹಾಲು ಕರೆಯುವುದು ಮಗನ ಪಾಲಿಗೆ. ಚಿಕ್ಕಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಜಗುಲಿ ಮೇಲೆ ಕೂತರು. ಪ್ರೀತಿಯಿಂದಲೇ ಎಲ್ಲರೂ ಸೇರಿ ಆ ಕೈಯನ್ನು ಇನ್ನಷ್ಟು ಬಿಗಿ ಮಾಡಿದರು. ಮಗನಿಗೆ ಗಾರೆ ಕೆಲಸ ಇತ್ತು, ಎರಡು ಹೊತ್ತು ಎರಡು ಹಸು ಕರೆಯುವುದು ಅವನಿಂದ ಆಗಲಿಲ್ಲ. ಒಂದು ಹಸು ಮಾರಿದರು. ಹಾಲಿನ ದುಡ್ಡು ಬರುತ್ತಿದ್ದದ್ದು ಚಿಕ್ಕಮ್ಮನ ಖಾತೆಗೆ. ಮನೆಯಲ್ಲಿ ಅವರದು ಅಂತ ಇದ್ದ ದುಡ್ಡು ಅದೊಂದೇ.

ಆಮೇಲೆ ಎಣ್ಣೆ ತಿಕ್ಕುವವರ ಹತ್ತಿರ ಹೋದರು. ಪುತ್ತೂರು ಕಟ್ಟಿನ ಹೆಸರು ಕೇಳದ ಊರು ನಮ್ಮ ಕಡೆ ಇಲ್ಲ, ಅಕ್ಕಪಕ್ಕದ ಊರುಗಳಲ್ಲೂ ಮೂಳೆ ಕಟ್ಟುವವರು ಇದ್ದಾರೆ. ಇವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡುವುದಿಲ್ಲ. ಜನ ಅಲ್ಲಿಗೆ ಯಾಕೆ ಹೋಗುತ್ತಾರೆ? ಅಲ್ಲಿ ಒಬ್ಬರು ಎದುರು ಕೂತು, ಕೈ ಹಿಡಿದು, ಅರ್ಧ ಗಂಟೆ ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ಆ ಕೈಯನ್ನು ಮುಟ್ಟಿದ್ದು ಪಟ್ಟಿ ಕತ್ತರಿಸುವ ಯಂತ್ರ ಮಾತ್ರ. ಆದರೂ ಹೇಳಲೇಬೇಕಾದ ಮಾತು ಇದು: ಬಿಗಿದ ಮಣಿಕಟ್ಟನ್ನು ಬೇರೆಯವರು ಜೋರಾಗಿ ಎಳೆದು, ತಿರುಚಿ, ತಿಕ್ಕಿದರೆ ಊತ ನೋವು ಹೆಚ್ಚುತ್ತವೆ, ಕೈ ಇನ್ನಷ್ಟು ಬಿಗಿಯುತ್ತದೆ. ಚಿಕ್ಕಮ್ಮನಿಗೆ ಮೂರು ರಾತ್ರಿ ನಿದ್ದೆ ಇರಲಿಲ್ಲ.

ಪಟ್ಟಿ ಬಿಚ್ಚಿ ಎರಡು ತಿಂಗಳಾದ ಮೇಲೆ ನಮ್ಮ ಗೆಳೆಯ ಅವರನ್ನು ಜಿಲ್ಲಾ ಕೇಂದ್ರಕ್ಕೆ, ಬಿಪಿಟಿ ಓದಿದ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕರೆದುಕೊಂಡು ಹೋದ. ಚಿಕ್ಕಮ್ಮನ ಮೊದಲ ಪ್ರಶ್ನೆ: "ಕರೆಂಟ್ ಕೊಡ್ತೀರಾ ತಾಯಿ?" ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಕರೆಂಟ್ ಕೊಡಿಸಿಕೊಂಡು ಬರುವುದು ಅಂತಲೇ ಅರ್ಥ. ಆ ಹುಡುಗಿ ನಕ್ಕು, "ಅಮ್ಮಾ, ನಿಮ್ಮ ಕೈಗೆ ಬೇಕಾಗಿರೋದು ಕರೆಂಟ್ ಅಲ್ಲ, ಕೆಲಸ. ಮೂಳೆ ಕೂಡಿ ಆಗಿದೆ. ಹೇಳಿಕೊಟ್ಟ ಹಾಗೆ ಆಡಿಸಿದ್ರೆ ಮುರಿಯಲ್ಲ, ಆಡಿಸದೇ ಇದ್ರೆ ಹಿಂಗೇ ಉಳಿಯುತ್ತೆ" ಅಂದರು. ಎರಡು ತಿಂಗಳಿಂದ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿ ಹೇಳಿಕೊಟ್ಟದ್ದರಲ್ಲಿ ಮನೆಯಲ್ಲಿ ಇಲ್ಲದ ಸಾಮಾನು ಒಂದೂ ಇರಲಿಲ್ಲ. ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ಇಡುವುದು. ಆಮೇಲೆ ಮುಂಗೈಯನ್ನು ಮೇಜಿನ ಮೇಲೋ ಜಗುಲಿ ಮೇಲೋ ಇಟ್ಟು, ಹಸ್ತ ಮಾತ್ರ ಅಂಚಿನಿಂದಾಚೆ ಬರುವ ಹಾಗೆ ಮಾಡಿ, ಮೇಲಕ್ಕೆ ಎತ್ತಿ ಐದು ಎಣಿಸುವುದು, ಕೆಳಕ್ಕೆ ಇಳಿಸಿ ಐದು ಎಣಿಸುವುದು. ಅಂಗೈಯನ್ನು ಮೇಜಿಗೆ ಒರಗಿಸಿ, ನೀರು ಒರೆಸುವ ಹಾಗೆ ಎಡಕ್ಕೆ ಬಲಕ್ಕೆ ಸರಿಸುವುದು. ಮೊಣಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡು, ತೀರ್ಥ ತೆಗೆದುಕೊಳ್ಳುವ ಹಾಗೆ ಅಂಗೈ ಮೇಲೆ ಮಾಡಿ, ಮತ್ತೆ ಕವುಚುವುದು. ಈ ತಿರುಗಿಸುವುದು ಎಷ್ಟು ಮುಖ್ಯ ಅಂತ ಗೊತ್ತಾಗುವುದು ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಟ್ಟಾಗ, ಅಂಗೈ ಮೇಲೆ ತಿರುಗದೆ ಇದ್ದಾಗ. ಎದೆ ಮುಂದೆ ನಮಸ್ಕಾರ ಮಾಡಿ, ಅಂಗೈ ಅಂಗೈ ಬಿಡದೆ ಕೈಗಳನ್ನು ನಿಧಾನವಾಗಿ ಕೆಳಗೆ ಇಳಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮೊದಲ ದಿನ ಚಿಕ್ಕಮ್ಮನಿಗೆ ಎರಡು ಅಂಗೈ ಕೂಡಿಸಲೂ ಆಗಲಿಲ್ಲ.

ಒಂದೊಂದನ್ನೂ ಹತ್ತು ಸಲ, ದಿನಕ್ಕೆ ನಾಲ್ಕೈದು ಹೊತ್ತು. ಒಂದೇ ಸಲ ಗಂಟೆಗಟ್ಟಲೆ ಮಾಡಿ ಕೈ ಊದಿಸಿಕೊಳ್ಳುವುದಕ್ಕಿಂತ ಇದು ವಾಸಿ. ನೋವಿನ ಲೆಕ್ಕ ಹೀಗೆ: ಮಾಡುವಾಗ ಎಳೆದ ಹಾಗಾಗಿ ಸ್ವಲ್ಪ ಹೊತ್ತಿಗೆ ಇಳಿದರೆ ಮುಂದುವರಿಸಿ. ರಾತ್ರಿಯೆಲ್ಲ ನೋವು, ಬೆಳಿಗ್ಗೆ ಊತ ಅಂದರೆ ಮಾರನೆಯ ದಿನ ಕಡಿಮೆ ಮಾಡಿ.

ಕೈ ಆಡುವುದು ಮೊದಲು, ಶಕ್ತಿ ಆಮೇಲೆ. ಈ ಸರದಿ ತಪ್ಪಿಸಬಾರದು. ಮೂಳೆ ಗಟ್ಟಿಯಾಗಿದೆ ಅಂತ ಡಾಕ್ಟರು ಹೇಳಿದ ಮೇಲೆ ಹಳೆ ಕಾಲುಚೀಲ ಸುತ್ತಿದ ಚೆಂಡು ಹಿಸುಕುವುದು, ಹಿಟ್ಟು ನಾದುವುದು, ಒದ್ದೆ ಟವಲು ಹಿಂಡುವುದು. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿದರೆ ಅರ್ಧ ಕೆಜಿ ತೂಕ. ಖಾಲಿ ಬಾಟಲಿಯಿಂದ ಶುರು ಮಾಡಿ ವಾರ ವಾರ ನೀರು ಏರಿಸಬಹುದು. ಹಿಡಿತ ಬೇಗ ಬರುವುದಿಲ್ಲ. ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಆಗುತ್ತದೆ. ಅಷ್ಟರಲ್ಲಿ ಬೇಸರಪಟ್ಟು ಬಿಡುವವರೇ ಹೆಚ್ಚು.

ಇದನ್ನು ಓದುತ್ತಿರುವ ಯಾರ ಮನೆಯಲ್ಲಾದರೂ ಈಗ ಪಟ್ಟಿ ಹಾಕಿಕೊಂಡವರು ಇದ್ದರೆ ಒಂದು ಮಾತು. ಪಟ್ಟಿ ಬಿಚ್ಚುವ ತನಕ ಕಾಯಬೇಡಿ. ಡಾಕ್ಟರು ಬೇಡ ಅನ್ನದಿದ್ದರೆ ಮೊದಲ ದಿನದಿಂದಲೇ ಬೆರಳುಗಳನ್ನು ಪೂರ್ತಿ ಮಡಚಿ ಬಿಡಿಸಬೇಕು, ಭುಜ ಎತ್ತಿಳಿಸಬೇಕು. ಮೊದಮೊದಲು ಕೈಯನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲೆ ಇಟ್ಟರೆ ಊತ ಇಳಿಯುತ್ತದೆ. ಪಟ್ಟಿಯೊಳಗೆ ನೋವು ಏರುತ್ತಲೇ ಹೋದರೆ, ಬೆರಳು ನೀಲಿಯಾದರೆ, ಜೋಮು ಹಿಡಿದು ಸ್ಪರ್ಶ ಹೋದರೆ ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಿ. ಪಟ್ಟಿ ಬಿಚ್ಚಿದ ಮೇಲೆ ಕೈ ಉರಿಯುತ್ತಾ, ಹೊಳೆಯುತ್ತಾ, ಬೆವರುತ್ತಾ ಮುಟ್ಟಿಸಿಕೊಳ್ಳದ ಹಾಗಾದರೂ, ಹೆಬ್ಬೆರಳು ಇದ್ದಕ್ಕಿದ್ದ ಹಾಗೆ ಮೇಲೆ ಏಳದಾದರೂ ತಡಮಾಡದೆ ತೋರಿಸಬೇಕು. ಪ್ಲೇಟ್ ಹಾಕಿ ಆಪರೇಷನ್ ಆದವರಿಗೆ ಕೈ ಆಡಿಸುವುದು ಸಾಮಾನ್ಯವಾಗಿ ಇನ್ನೂ ಬೇಗ ಶುರುವಾಗುತ್ತದೆ, ಆಪರೇಷನ್ ಮಾಡಿದವರನ್ನೇ ಕೇಳಿ.

ಇನ್ನೊಂದು ವಿಷಯ. ಮುಟ್ಟು ನಿಂತ ಹೆಂಗಸರಿಗೆ ನಿಂತ ಜಾಗದಲ್ಲೇ ಬಿದ್ದು ಮಣಿಕಟ್ಟು ಮುರಿದರೆ ಮೂಳೆ ಸವೆದಿರಬಹುದು ಅನ್ನುವುದಕ್ಕೆ ಅದೇ ಮೊದಲ ಗುರುತು, ಮುಂದೆ ಸೊಂಟದ ಮೂಳೆಗೂ ಅಪಾಯ. ಕ್ಯಾಲ್ಸಿಯಂ, ವಿಟಮಿನ್ ಡಿ ವಿಚಾರ ಡಾಕ್ಟರನ್ನು ಕೇಳಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಅದರ ಒಂದು ಚೂರು. ಮುದ್ದೆ ಬಿಟ್ಟು ಅನ್ನಕ್ಕೆ ಬಿದ್ದ ಮನೆಗಳಿಗೆ ಇದನ್ನು ಹೇಳಬೇಕು ಅನ್ನಿಸಿತು.

ಈಗ ಆಸ್ಪತ್ರೆಗಳ ವಿಚಾರ. ಡಾಕ್ಟರಿಗೆ ಪುರುಸೊತ್ತಿಲ್ಲ ಅನ್ನುವುದು ನಿಜ, ಅವರನ್ನು ಬಯ್ಯುವುದು ನಮ್ಮ ಉದ್ದೇಶ ಅಲ್ಲ. ಆದರೆ ಇದಕ್ಕೆ ದೊಡ್ಡ ಯಂತ್ರ, ದೊಡ್ಡ ಕಟ್ಟಡ ಬೇಡ. ತೊಡಕಿಲ್ಲದ ಮುರಿತವಾದರೆ, ಸರಿಯಾಗಿ ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲೇ ಮಾಡಿದವರ ಕೈಯೂ ಫಿಸಿಯೋ ಹತ್ತಿರ ಮತ್ತೆ ಮತ್ತೆ ಹೋದವರ ಕೈಯಷ್ಟೇ ಚೆನ್ನಾಗಿ ಬಂದದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಅಂದರೆ ಬೇಕಾಗಿರುವುದು ಅರ್ಧ ಗಂಟೆ. ಪಟ್ಟಿ ಬಿಚ್ಚಿದ ದಿನವೇ ಒಬ್ಬರು ಎದುರು ಕೂತು, ಮಾಡಿ ತೋರಿಸಿ, ಮಾಡಿಸಿ ನೋಡಿ, ಕನ್ನಡದಲ್ಲಿ ಚಿತ್ರ ಇರುವ ಒಂದು ಹಾಳೆ ಕೊಟ್ಟು ಕಳಿಸಬೇಕು. ಫಿಸಿಯೋಥೆರಪಿಸ್ಟ್ ಇಲ್ಲದ ತಾಲ್ಲೂಕು ಆಸ್ಪತ್ರೆಗೆ ಜಿಲ್ಲೆಯಿಂದ ವಾರಕ್ಕೆ ಒಂದು ದಿನ ಒಬ್ಬರು ಬರಲಿ, ಪಟ್ಟಿ ಬಿಚ್ಚುವುದೂ ಅದೇ ದಿನ ಇರಲಿ. ಎರಡು ವಾರ ಬಿಟ್ಟು ಆಶಾ ಕಾರ್ಯಕರ್ತೆ ಮನೆಗೆ ಬಂದಾಗ "ಕೈ ಎಷ್ಟು ತಿರುಗುತ್ತೆ ತೋರಿಸಿ" ಅಂತ ಕೇಳುವ ಹಾಗಾಗಲಿ. ಅವರಿಗೆ ಈಗಲೇ ಕೈತುಂಬ ಕೆಲಸ ಇದೆ, ಅದಕ್ಕೆ ದುಡ್ಡೂ ಕೊಡಬೇಕು.

2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತ, ಜಿಲ್ಲೆಗೇ ಹೋಗಲಿ ಬಿಡಿ ಅನ್ನುವವರಿದ್ದಾರೆ. ಟಿಕೆಟ್ ಉಚಿತ, ದಿನ ಉಚಿತ ಅಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಹೊರಟರೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಚೀಟಿ ಮುಗಿದಿರುತ್ತದೆ, ಸಂಜೆ ಹಾಲಿನ ಹೊತ್ತಿಗೆ ವಾಪಸ್ ಬರಬೇಕು. ಚಿಕ್ಕಮ್ಮ ಖಾಸಗಿಯವರ ಹತ್ತಿರ ಒಂದು ಸಲಕ್ಕೆ 300 ರೂಪಾಯಿ ಕೊಟ್ಟು ಮೂರು ಸಲ ಮಾತ್ರ ಹೋದರು. ಉಳಿದದ್ದೆಲ್ಲ ಜಗುಲಿ ಮೇಲೆ, ಮೊಮ್ಮಗಳು ಎಣಿಸುತ್ತಾ.

ನಾಲ್ಕು ತಿಂಗಳಾಯಿತು. ಈಗ ಮುದ್ದೆ ತೊಳಸುತ್ತಾರೆ, ದೊಡ್ಡ ಪಾತ್ರೆಯಾದರೆ ಸೊಸೆಯನ್ನು ಕರೆಯುತ್ತಾರೆ. ನಮಸ್ಕಾರ ಮಾಡಿದರೆ ಬಲಗೈ ಇನ್ನೂ ಚೂರು ಹಿಂದೆ ಉಳಿಯುತ್ತದೆ. ಹಸುವನ್ನು ಎರಡೂ ಕೈಯಲ್ಲಿ ಕರೆಯುತ್ತಾರೆ, ಕೊನೆಯ ಒಂದು ಲೀಟರಿಗೆ ಬಲಗೈ ಸೋಲುತ್ತದೆ, ಆಗ ಸ್ವಲ್ಪ ಹೊತ್ತು ಎಡಗೈಯಲ್ಲಿ. ಮಾರಿದ ಹಸುವಿನ ಗೂಟ ಕೊಟ್ಟಿಗೆಯಲ್ಲಿ ಹಾಗೇ ಇದೆ. "ಇನ್ನೊಂದು ತರೋಣ, ಕೈ ಒಪ್ಪಿದ ಮೇಲೆ" ಅಂತಾರೆ.