ಸಕ್ಕರೆಯ ಜೊತೆ ಕೊಬ್ಬನ್ನೂ ಅಳೆಸಿ, ಕಾಲು ಉಳಿಸಿಕೊಳ್ಳಿ

ಮಳೆಗಾಲಕ್ಕೆ ಮುನ್ನ ಕೊಡಗಿನ ಜನತೆಯಲ್ಲಿ ಒಂದು ಮನವಿ



ಜೂನ್ ಬಂತೆಂದರೆ ಗದ್ದೆ, ತೋಟದಲ್ಲಿ ದುಡಿಯುವವರ ಕಾಲು ಒಣಗುವುದೇ ಇಲ್ಲ. ಜಿಗಣೆ ಕಚ್ಚಿದ ಗಾಯ, ಬೆರಳ ಸಂದಿಯ ಕೆಸರುಹುಣ್ಣು, ಗಮ್ ಬೂಟು ಉಜ್ಜಿ ಎದ್ದ ಗುಳ್ಳೆ ಯಾರಿಗೂ ತಪ್ಪಿದ್ದಲ್ಲ. ಹೆಚ್ಚಿನವರಿಗೆ ಅವು ಬೇಗ ಮಾಯುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಗಾಯ ಬೆರಳಿಗೋ ಪಾದಕ್ಕೋ ಕುತ್ತು ತರಬಹುದು. ಈ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ 100 ಜನರಲ್ಲಿ ಸುಮಾರು 85 ಮಂದಿಗೆ ಅದು ಶುರುವಾಗುವುದು ಪಾದದ ಹುಣ್ಣಿನಿಂದ.

ನಮ್ಮ ವಾದ ಇಷ್ಟೇ: ಸಕ್ಕರೆ ಪರೀಕ್ಷೆಯೊಂದೇ ಸಾಲದು. ವರ್ಷಕ್ಕೊಮ್ಮೆಯಾದರೂ, ಮಳೆ ಹಿಡಿಯುವ ಮೊದಲು, ರಕ್ತದ ಕೊಬ್ಬಿನ ಪರೀಕ್ಷೆಯೂ ಪಾದದ ಪರೀಕ್ಷೆಯೂ ಆಗಲೇಬೇಕು.

ಕೊಬ್ಬಿಗೂ ಕಾಲಿಗೂ ಏನು ಸಂಬಂಧ?

ಏರಿದ ಸಕ್ಕರೆ ನರಗಳನ್ನು ಕೆಡಿಸುತ್ತದೆ. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ದಾರಿ ಕಿರಿದಾಗಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮೊಣಕಾಲಿನ ಕೆಳಗಿನ ನಾಳಗಳಿಗೇ ಈ ಪೆಟ್ಟು ಜಾಸ್ತಿ. ಸ್ಪ್ರಿಂಕ್ಲರ್ ಪೈಪಿನಲ್ಲಿ ಹೂಳು ಕಟ್ಟಿದರೆ ತೋಟದ ತುದಿಯ ಗಿಡಕ್ಕೆ ನೀರು ಹೋಗದು. ಕಾಲ್ಬೆರಳಿನ ಗತಿಯೂ ಅದೇ. ಗಾಯ ಮಾಯಲು ಬೇಕಾದ ಆಮ್ಲಜನಕವಾಗಲಿ, ನುಂಗಿದ ಆ್ಯಂಟಿಬಯೋಟಿಕ್ ಆಗಲಿ ರಕ್ತದಲ್ಲೇ ಬರಬೇಕಲ್ಲವೇ? ರಕ್ತ ತಲುಪದ ಕಡೆ ಹುಣ್ಣು ಆಳವಾಗುತ್ತದೆ, ಕಪ್ಪಾಗುತ್ತದೆ.

ಕೊಬ್ಬು ಇಳಿಸುವ ಮಾತ್ರೆಯಿಂದ ಕಾಲು ಉಳಿದ ಪುರಾವೆಯೂ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿನ್ಲೆಂಡ್‌ಗಳ 9,795 ಸಕ್ಕರೆ ಕಾಯಿಲೆಯವರ ಮೇಲೆ ನಡೆದ ‘ಫೀಲ್ಡ್’ ಅಧ್ಯಯನದಲ್ಲಿ, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಇಳಿಸುವ ಫೆನೊಫೈಬ್ರೇಟ್ ಮಾತ್ರೆ ತೆಗೆದುಕೊಂಡವರಲ್ಲಿ ಕಾಲು ಅಥವಾ ಬೆರಳು ಕತ್ತರಿಸಬೇಕಾದ ಸಂಭವ ಸುಮಾರು 36% ಕಡಿಮೆಯಾಗಿತ್ತು. ಫಲಿತಾಂಶ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹಾಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಯಾರಿಗೆ ಯಾವ ಮಾತ್ರೆ ಎಂದು ವೈದ್ಯರೇ ಹೇಳಬೇಕು.

‘ನಾನು ತೆಳ್ಳಗಿದ್ದೇನೆ, ದಿನಾ ಗುಡ್ಡ ಹತ್ತುತ್ತೇನೆ’ ಎನ್ನುವವರೇ, ಕೊಲೆಸ್ಟ್ರಾಲ್ ಏರಿದರೆ ನೋವೂ ಇಲ್ಲ, ಸುಸ್ತೂ ಇಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ 11.4% ಮಂದಿಗೆ ಸಕ್ಕರೆ ಕಾಯಿಲೆ, 24% ಮಂದಿಗೆ ಹೆಚ್ಚಿನ ಕೊಲೆಸ್ಟ್ರಾಲ್. ಇನ್ನೊಂದು ಎಚ್ಚರಿಕೆ: ಹುಣ್ಣು ಕೀವಾಗಿ ಜ್ವರ ಬಂದಾಗ ಕೊಲೆಸ್ಟ್ರಾಲ್ ತಾನಾಗಿ ಇಳಿದು ಕಾಣುತ್ತದೆ. ಆಗಿನ ರಿಪೋರ್ಟ್ ನಂಬಿ ನೆಮ್ಮದಿಯಾಗಿರಬೇಡಿ. ಆರೋಗ್ಯವಾಗಿರುವಾಗಲೇ ಅಳೆಸಿ.

ನೀವು ಮಾಡಬೇಕಾದ್ದು

1. ಮೇ ಮುಗಿಯುವುದರೊಳಗೆ ರಕ್ತದ ಕೊಬ್ಬಿನ ಪರೀಕ್ಷೆ (ಲಿಪಿಡ್ ಪ್ರೊಫೈಲ್) ಮಾಡಿಸಿ. ಎಲ್‌ಡಿಎಲ್ 100 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿರಲಿ. ರಕ್ತನಾಳದ ತೊಂದರೆ ಇದ್ದರೆ ಅದಕ್ಕಿಂತಲೂ ಬಹಳ ಕೆಳಗೆ, ವೈದ್ಯರು ಹೇಳಿದಷ್ಟು.
2. ಪಾದದ ನಾಡಿ, ಸ್ಪರ್ಶಜ್ಞಾನ ಎರಡನ್ನೂ ನೋಡಿ ಎಂದು ವೈದ್ಯರನ್ನು ಕೇಳಿ.
3. ಸಂಜೆ ಕಾಲು ತೊಳೆದು ಬೆರಳ ಸಂದಿ ಒರೆಸಿ, ಅಂಗಾಲು ನೋಡಿ. ಕಣ್ಣು ಮಂಜಾಗಿದ್ದರೆ ಮನೆಯವರು ನೋಡಲಿ. ಮರಗಟ್ಟಿದ ಕಾಲನ್ನು ಒಲೆ ಮುಂದೆ ಕಾಯಿಸಬೇಡಿ, ಸುಟ್ಟರೂ ತಿಳಿಯದು.
4. ಬೀಡಿ, ಸಿಗರೇಟು ಬಿಡಿ. ಹಂದಿ ಕರಿ ಹಬ್ಬದ ದಿನಕ್ಕಿರಲಿ, ಅದೂ ಮಿತವಾಗಿ.
5. ಬೆರಳು ಕಪ್ಪಾದರೆ, ಗಾಯ ನಾರಿದರೆ, ಕಾಲು ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ಒತ್ತಾಯ

ತೋಟದ ಮಾಲೀಕರೇ, ದೊಡ್ಡ ತೋಟಗಳು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಲೈನ್ ಮನೆಗಳಲ್ಲಿ ಮಳೆಗೆ ಮುನ್ನ ಒಂದು ತಪಾಸಣೆ ಶಿಬಿರ ನಡೆಸಿ. ಪರೀಕ್ಷೆಗೆ ಹೋದವರ ಆ ದಿನದ ಕೂಲಿ ಹಿಡಿಯಬೇಡಿ.

ಆರೋಗ್ಯ ಇಲಾಖೆಯವರೇ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಕ್ಕರೆ ಕಾಯಿಲೆಯವರ ಲಿಪಿಡ್ ಪರೀಕ್ಷೆಗೆ ವ್ಯವಸ್ಥೆಯಾಗಲಿ, ರಕ್ತದ ಮಾದರಿ ಮಡಿಕೇರಿಗೆ ಕಳಿಸಿಯಾದರೂ ಸರಿ. ರೋಗಿ ಚಪ್ಪಲಿ ಬಿಚ್ಚದೆ ಯಾವ ತಪಾಸಣೆಯೂ ಮುಗಿಯದಿರಲಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಪಾದಕ್ಕೆಂದೇ ವಾರಕ್ಕೊಂದು ದಿನ ಮೀಸಲಿಡಿ.

ಒಂದು ಕಾಲು ಹೋದರೆ ಒಂದು ಮನೆಯ ದುಡಿಮೆ ಹೋಗುತ್ತದೆ. ಅದನ್ನು ತಡೆಯಲು ಬೇಕಾದ್ದು ವರ್ಷಕ್ಕೊಂದು ರಕ್ತಪರೀಕ್ಷೆ, ಪಾದ ನೋಡಿಕೊಳ್ಳಲು ದಿನಕ್ಕೆರಡು ನಿಮಿಷ. ಓದಿ, ಓದಲು ಬಾರದವರಿಗೆ ಓದಿ ಹೇಳಿ, ಐನ್‌ಮನೆಗೂ ಲೈನ್ ಮನೆಗೂ ಈ ಕರಪತ್ರ ತಲುಪಿಸಿ.